ಬಿಸಿಲಿನ ಜಮಾ ಖರ್ಚು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ಬಂದವರು ಇಲ್ಲಿಯ ತೋಟದ ಮನೆಗಳ ಅಟ್ಟವನ್ನೊಮ್ಮೆ ಹತ್ತಿ ನೋಡುವುದು ಒಳ್ಳೆಯದು. ಮರದಲ್ಲಿಯೇ ಚೆನ್ನಾಗಿ ಬಲಿತ ಕಾಯಿಗಳನ್ನು ಮಟ್ಟೆಸಹಿತವಾಗಿ ತಂದು, ಅಲ್ಲಿ ಎಂಟು ತಿಂಗಳಿಂದ ಹನ್ನೆರಡು ತಿಂಗಳವರೆಗೆ ಒಟ್ಟಿಟ್ಟಿರುವರು. ಒಳಗಿನ ನೀರು ತಾನಾಗಿಯೇ ಇಂಗಿ, ಕಾಯಿ ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದುಮಾಡುವ ಉಂಡೆಕೊಬ್ಬರಿಯಾಗುವುದು. ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ, ದುರಾಶೆಗೂ ಎಡೆಯಿಲ್ಲ. ಅಟ್ಟದ ತೊಲೆಗಳು ಎಷ್ಟು ಭಾರವನ್ನು ತಾಳುವುವೋ ಅಷ್ಟೇ ಕಾಯಿ. ಈ ಲೆಕ್ಕವನ್ನು ಇಲ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಇಂತಹ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ನಾವು, ಮನೆಯ ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಾತ್ರ ಬಹುಕಾಲ ಅಟ್ಟದ ಅಳತೆಯನ್ನು ನೋಡದೆ ಕಾಯಿ ತುಂಬುವವರಾಗಿದ್ದೆವು. ಅದರಿಂದ ಆದ ನಷ್ಟವನ್ನೂ, ಆಮೇಲೆ ನಾವು ಕಲಿತ ಪಾಠವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮಂತೆ ಊರ ಹೊರಗೆ ಮನೆ ಮಾಡಿಕೊಂಡವರಿಗೂ, ಬಿಸಿಲಿನ ದೀಪವನ್ನು ಹಾಕಿಸಬೇಕೆಂದು ಯೋಚಿಸುತ್ತಿರುವ ಗೃಹಸ್ಥರಿಗೂ ಇದರಿಂದ ಸ್ವಲ್ಪ ಪ್ರಯೋಜನವಾದೀತೆಂದು ನಂಬಿರುವೆವು.

ನಮ್ಮ ಮನೆ ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವಾಗ ಸಿಕ್ಕುವ ಒಂದು ಹಳ್ಳಿಯ ಹೊರಗೆ, ತೆಂಗಿನ ತೋಟದ ನಡುವೆ ಇರುವುದು. ತಾಯಿಯವರು, ನಾವಿಬ್ಬರು, ಮಕ್ಕಳಿಬ್ಬರು, ಹೀಗೆ ಮನೆಯಲ್ಲಿ ಐದು ಜನ. ಊರೊಳಗಿನ ಮನೆಗಳಿಗೆ ಬರುವ ವಿದ್ಯುತ್ತಿನ ತಂತಿ ಬೇರೆ, ತೋಟಗಳ ಪಂಪುಗಳಿಗೆ ಬರುವ ತಂತಿ ಬೇರೆ. ನಮ್ಮ ಮನೆ ಎರಡನೆಯ ತಂತಿಯ ಮನೆ. ಅದರಲ್ಲಿ ಪಂಪು ನಡೆಯುವಷ್ಟು ಶಕ್ತಿ ದಿನದ ಕೆಲವು ಗಂಟೆಗಳು ಮಾತ್ರ ಇರುವುದು. ರಾತ್ರಿಯ ದೀಪ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ನಾಲ್ಕು ದಿನ ಕತ್ತಲೆಯೇ.

ಕನ್ನಡ ನಾಡಿಗೆ ವಿದ್ಯುತ್ತು ಹೊಸದೇನೂ ಅಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಮ್ಮ ತುಮಕೂರು ಜಿಲ್ಲೆಯದೇ ಆದ ಪಾವಗಡದಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು 2018ರಲ್ಲಿ ಉದ್ಘಾಟನೆಯಾಗಿ, ಮುಂದಿನ ವರುಷಗಳಲ್ಲಿ ಪೂರ್ತಿಗೊಂಡಿತು. ಹೀಗಿದ್ದರೂ ತೋಟದ ಮನೆಯ ಅಂಗಳದಲ್ಲಿ ರಾತ್ರಿ ಎರಡು ಗಂಟೆಗೆ ಒಂದು ದೀಪ ಉರಿಯುವುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವನ್ನು ಮನೆಯವರೇ ಹುಡುಕಿಕೊಳ್ಳಬೇಕಾಯಿತು.

ನಾವು ಹುಡುಕಿದ ಉತ್ತರ ಇದು: 330 ವಾಟ್ಟಿನ ಎರಡು ಸೌರ ಫಲಕಗಳು, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು, ಒಂದು ಇನ್ವರ್ಟರು. ಇವನ್ನು ತಂದು ಹಾಕಿದ ದಿನ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೂರ್ಯನೇ ಮನೆಯ ಊಳಿಗಕ್ಕೆ ನಿಂತಮೇಲೆ ಇನ್ನೇನು ಕೊರತೆ ಎಂದುಕೊಂಡು, ಮನೆಯ ಎಲ್ಲ ದೀಪ, ಫ್ಯಾನು, ಫ್ರಿಜ್ಜು, ಟೀವಿಗಳನ್ನೂ ಅದಕ್ಕೇ ಜೋಡಿಸಿದೆವು. ಯಾವುದು ಎಷ್ಟು ಶಕ್ತಿಯನ್ನು ನುಂಗುವುದೆಂದು ಒಬ್ಬರೂ ಕೇಳಲಿಲ್ಲ. ವರುಷ ಕಳೆಯುವುದರೊಳಗೆ ದೀಪಗಳು ನಡುರಾತ್ರಿಗೆ ಮುಂಚೆಯೇ ಮಂಕಾಗತೊಡಗಿದುವು. ಮೋಡದ ದಿನಗಳಲ್ಲವೇ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು.

ಎರಡನೆಯ ವರುಷದ ಆಷಾಢದಲ್ಲಿ ಮೂರು ದಿನ ಬಿಡದೆ ತುಂತುರು ಹಿಡಿಯಿತು. ಪಂಪಿನ ತಂತಿಯ ಮೇಲೆ ತೆಂಗಿನ ಮರವೊಂದು ಬಿದ್ದು, ಹೊರಗಿನ ಶಕ್ತಿ ನಿಂತುಹೋಗಿತ್ತು. ಆ ರಾತ್ರಿ ಕ್ರಿಕೆಟ್ ಪಂದ್ಯವಿದ್ದಿತು. ಹನ್ನೊಂದು ಗಂಟೆಯವರೆಗೆ ಟೀವಿ ನಡೆಯಿತು. ಎರಡು ಗಂಟೆಯ ಸುಮಾರಿಗೆ ತಾಯಿಯವರು ಎದ್ದು ಬಚ್ಚಲ ಕಡೆಗೆ ಹೊರಟರು. ಅಂಗಳದ ದೀಪ ಆಗಲೇ ಆರಿತ್ತು. ನೆನೆದ ಕಲ್ಲುಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದರು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಕಟ್ಟು ಹಾಕಿಸಿಕೊಂಡು, ಎಡಗೈಯಲ್ಲಿ ಉಣ್ಣಬೇಕಾಯಿತು.

ಅವರು ನಮ್ಮನ್ನು ಬೈಯಲಿಲ್ಲ. ಒಂದು ಮಾತನ್ನು ಮಾತ್ರ ಹೇಳಿದರು: “ದೀಪ ಆರಿದ್ದು ತಪ್ಪಲ್ಲ, ಎಣ್ಣೆ ಎಷ್ಟಿದೆಯೆಂದು ನೋಡದೆ ಬತ್ತಿ ಏರಿಸಿದ್ದು ತಪ್ಪು. ನಮ್ಮ ಕಾಲದಲ್ಲಿ ಸಂಜೆ ಲಾಂದ್ರವನ್ನು ಅಲುಗಿಸಿ ನೋಡದೆ ಹಚ್ಚುತ್ತಿರಲಿಲ್ಲ.” ಆ ರಾತ್ರಿ ಮನೆಯಲ್ಲಿ ಇದ್ದ ಶಕ್ತಿ ಪಂದ್ಯ ನೋಡುವುದಕ್ಕೆ ಸಾಕಾಯಿತು, ತಾಯಿಯವರ ಹೆಜ್ಜೆಗೆ ಸಾಲಲಿಲ್ಲ. ಕೊರತೆ ಶಕ್ತಿಯದಲ್ಲ, ವಿವೇಕದ್ದು ಎಂಬುದು ನಮಗೆ ಆಗ ಹೊಳೆಯಿತು.

ಲೆಕ್ಕದ ಪುಸ್ತಕ

ಸಲಕರಣೆಗಳ ವ್ಯಾಪಾರಿಯನ್ನು ಕೇಳಿದ್ದಕ್ಕೆ, ಇನ್ನೂ ನಾಲ್ಕು ಫಲಕಗಳನ್ನೂ ನಾಲ್ಕು ಬ್ಯಾಟರಿಗಳನ್ನೂ ಕೊಳ್ಳಬೇಕೆಂದು ಉತ್ತರ ಬಂದಿತು. ಅಷ್ಟು ಹಣ ನಮ್ಮಲ್ಲಿರಲಿಲ್ಲ. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮಗಳು, ಕೊಳ್ಳುವುದಕ್ಕೆ ಮುಂಚೆ ಅಳೆದು ನೋಡೋಣವೆಂದಳು. ಗೋಡೆಯ ಪ್ಲಗ್ಗಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸಿದರೆ ಖರ್ಚಾದ ಶಕ್ತಿಯನ್ನು ತೋರಿಸುವ ಒಂದು ಸಣ್ಣ ಮೀಟರು ಅಂಗಡಿಗಳಲ್ಲಿ ಸಿಕ್ಕುವುದು. ಅದನ್ನು ತಂದು, ಒಂದು ವಾರ ಎಲ್ಲವನ್ನೂ ಅಳೆದು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಳು.

ಇಲ್ಲಿ ಯೂನಿಟ್ಟು ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಸಾವಿರ ವಾಟ್ಟಿನ ಉಪಕರಣ ಒಂದು ಗಂಟೆ ನಡೆದರೆ ಆಗುವ ಖರ್ಚು ಒಂದು ಯೂನಿಟ್ಟು. ಹತ್ತು ವಾಟ್ಟಿನ ದೀಪವಾದರೆ ಒಂದು ಯೂನಿಟ್ಟಿನಲ್ಲಿ ನೂರು ಗಂಟೆ ಉರಿಯುವುದು. ಇಷ್ಟನ್ನು ತಿಳಿದರೆ ಯಾವ ಗೃಹಿಣಿಯಾದರೂ ತನ್ನ ಮನೆಯ ಲೆಕ್ಕವನ್ನು ತಾನೇ ಮಾಡಬಹುದು.

ನಮ್ಮ ಮನೆಯ ಒಂದು ದಿನದ ಖರ್ಚು ಹೀಗೆ ಕಂಡುಬಂದಿತು. ಹಳೆಯ ಫ್ರಿಜ್ಜು ಒಂದೂವರೆ ಯೂನಿಟ್ಟು. 75 ವಾಟ್ಟಿನ ಎರಡು ಫ್ಯಾನುಗಳು ಎಂಟು ಗಂಟೆ ತಿರುಗಿ 1.2 ಯೂನಿಟ್ಟು. ನೀರಿನಲ್ಲಿ ಮುಳುಗಿಸಿ ಕಾಯಿಸುವ ಸಾವಿರ ವಾಟ್ಟಿನ ಸಲಾಕೆ ಗಂಟೆ ಹೊತ್ತಿಗೆ ಒಂದು ಯೂನಿಟ್ಟು. ಮೂರು ಹಳೆಯ ಕೊಳವೆ ದೀಪಗಳು ಮುಕ್ಕಾಲು ಯೂನಿಟ್ಟು. ಟೀವಿಯೂ ಅದರ ಜೊತೆಯ ಪೆಟ್ಟಿಗೆಯೂ ಸೇರಿ ಸುಮಾರು ಅರ್ಧ ಯೂನಿಟ್ಟು. ಇನ್ವರ್ಟರು, ಇಸ್ತ್ರಿ, ಮಿಕ್ಸಿ, ಫೋನುಗಳು ಎಲ್ಲವೂ ಕೂಡಿ ಸುಮಾರು 0.6. ಒಟ್ಟು ಐದೂವರೆ ಯೂನಿಟ್ಟು.

ಇನ್ನು ಜಮೆಯ ಕಡೆ. ಫಲಕದ ಮೇಲೆ ಬರೆದಿರುವ ವಾಟ್ಟು ನೆತ್ತಿಯ ಮೇಲಿನ ನಿಚ್ಚಳ ಬಿಸಿಲಿಗೆ ಹೇಳಿದ ಮಾತು. ಬೆಳಗಿನ ಮತ್ತು ಸಂಜೆಯ ಎಳೆಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ನಮ್ಮ ಸೀಮೆಯಲ್ಲಿ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲೆಂದು ಹಿಡಿಯಬಹುದು. ಕಾವಿನಿಂದ, ಧೂಳಿನಿಂದ, ತಂತಿ ಬ್ಯಾಟರಿಗಳ ಸೋರಿಕೆಯಿಂದ ಅದರಲ್ಲಿ ನೂರಕ್ಕೆ ಮೂವತ್ತು ಹೋಗುವುದು. ಆದುದರಿಂದ ನಮ್ಮ 660 ವಾಟ್ಟಿನ ಫಲಕಗಳು ಒಳ್ಳೆಯ ದಿನ ಕೊಡುವುದು ಎರಡು ಯೂನಿಟ್ಟು. ಆಷಾಢದ ಮೋಡದಲ್ಲಿ ಒಂದು, ಕೆಲವು ದಿನ ಅದಕ್ಕೂ ಕಡಮೆ. ಎರಡು ಜಮೆ, ಐದೂವರೆ ಖರ್ಚು! ಹೊರಗಿನ ತಂತಿ ಬಂದಾಗಲೆಲ್ಲ ಈ ಸಾಲ ತೀರುತ್ತಿದ್ದುದರಿಂದ ನಮಗೆ ತಿಳಿಯುತ್ತಿರಲಿಲ್ಲ. ತಂತಿ ಹೋದ ದಿನ ಬ್ಯಾಟರಿ ತಳ ಕಾಣುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಬಾಯಲ್ಲಿ ಹೇಳುತ್ತಲೇ ಮರೆತಿದ್ದೆವು.

ಕಾವಿಗೆ ವಿದ್ಯುತ್ತು ಸಲ್ಲದು

ಪುಸ್ತಕವನ್ನು ಮುಂದಿಟ್ಟುಕೊಂಡು ನೋಡಿದಾಗ ಮೊದಲು ಕಣ್ಣಿಗೆ ಬಿದ್ದುದು ಸ್ನಾನದ ನೀರು. ಹದಿನೈದು ಲೀಟರಿನ ಒಂದು ಬಕೀಟು ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಬೇಕಾದರೆ ಮೂರನೆಯ ಒಂದು ಪಾಲು ಯೂನಿಟ್ಟಿಗಿಂತ ತುಸು ಹೆಚ್ಚೇ ಬೇಕು. ಅಷ್ಟೇ ಶಕ್ತಿಯಲ್ಲಿ ಒಂಬತ್ತು ವಾಟ್ಟಿನ ಎಲ್.ಇ.ಡಿ. ದೀಪ ಮೂವತ್ತೆಂಟು ಗಂಟೆಗೂ ಮೇಲ್ಪಟ್ಟು ಉರಿಯುವುದು. ಒಬ್ಬರ ಸ್ನಾನದಲ್ಲಿ ಮಗಳ ಹತ್ತು ರಾತ್ರಿಗಳ ಓದಿನ ದೀಪ ಕರಗಿಹೋಗುತ್ತಿತ್ತೆಂದರೆ ಯಾರು ನಂಬುವರು? ಕಾಯಿಸುವ ಯಾವ ಕೆಲಸವಾದರೂ, ಅದು ಸಲಾಕೆಯಾಗಲಿ, ಇಸ್ತ್ರಿಯಾಗಲಿ, ವಿದ್ಯುತ್ತಿನ ಒಲೆಯಾಗಲಿ, ಸಣ್ಣ ಸೌರಸಲಕರಣೆಗೆ ಸಲ್ಲದ ಭಾರ. ಇದು ಮೊದಲನೆಯ ಪಾಠ.

ತೆಂಗಿನ ಸೀಮೆಯಲ್ಲಿ ಕಾವಿಗೆ ಬಡತನವೆಲ್ಲಿಯದು? ಮಟ್ಟೆ, ಚಿಪ್ಪು, ಒಣಸೋಗೆಗಳು ತೋಟದಲ್ಲಿ ಬಿದ್ದಿರುವುವು. ನಾವು ಬಚ್ಚಲ ಹಂಡೆಯ ಒಲೆಯನ್ನು ಮತ್ತೆ ಹೂಡಿದೆವು. ಆದರೆ ಹೊಗೆಯ ಸಂಗತಿಯನ್ನು ಮರೆಯಬಾರದು. ಹೊಗೆ ತುಂಬಿದ ಬಚ್ಚಲೂ ಅಡಿಗೆಮನೆಯೂ ಹೆಂಗಸರ ಕಣ್ಣಿಗೂ ಎದೆಗೂ ಶತ್ರು. ಯೂನಿಟ್ಟು ಉಳಿಸಿ ಆರೋಗ್ಯವನ್ನು ಕಳೆದುಕೊಂಡರೆ ಅದು ಉಳಿತಾಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ ‘ಅಸ್ತ್ರ ಒಲೆ’ ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಅದು ಸೌದೆಯನ್ನು ಬಹಳ ಮಟ್ಟಿಗೆ ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳಿಸುವುದು. ಅದೇ ತತ್ತ್ವದಂತೆ ಮುಚ್ಚಿದ ಒಲೆಬಾಯಿ, ಮಾಡಿಗಿಂತ ಎತ್ತರವಾದ ಹೊಗೆಕೊಳವೆ, ಇವೆರಡನ್ನೂ ನಾವು ಹಂಡೆಯ ಒಲೆಗೆ ಮಾಡಿಸಿದೆವು. ಸಲಾಕೆ ಅಟ್ಟ ಸೇರಿತು.

ಎರಡನೆಯದು ಫ್ಯಾನು ಮತ್ತು ದೀಪ. ಹಳೆಯ ಫ್ಯಾನಿನ ಬದಲು ಹೊಸ ಬಗೆಯ ಮೋಟಾರಿನ ಫ್ಯಾನು ತಂದೆವು. ಇದು 28 ವಾಟ್ಟಿನಲ್ಲಿ ಅಷ್ಟೇ ಗಾಳಿಯನ್ನು ಕೊಡುವುದು. ಬೇಸಗೆಯಲ್ಲಿ ಎಲ್ಲರೂ ನಡುಮನೆಯಲ್ಲಿಯೇ ಮಲಗುವುದೆಂದು ಗೊತ್ತುಮಾಡಿಕೊಂಡುದರಿಂದ ಎರಡರ ಕೆಲಸ ಒಂದರಿಂದ ಆಯಿತು. ಕೊಳವೆ ದೀಪಗಳ ಜಾಗಕ್ಕೆ ಎಲ್.ಇ.ಡಿ. ದೀಪಗಳು ಬಂದುವು. ಮನೆಗೆಲ್ಲ ಬೆಳಕು ಚೆಲ್ಲುವ ಬದಲು, ಓದುವ ಮೇಜಿನ ಮೇಲೆ, ಒಲೆಯ ಮೇಲೆ, ಕೆಲಸವಿರುವೆಡೆಯಲ್ಲಿ ದೀಪವನ್ನು ಕೆಳಗೆ ಇಳಿಬಿಟ್ಟೆವು. ಕಣ್ಣಿಗೆ ಬೆಳಕು ಹೆಚ್ಚಾಯಿತು. ಲೆಕ್ಕದಲ್ಲಿ ಐದನೆಯ ಒಂದು ಪಾಲಿಗೆ ಇಳಿಯಿತು.

ಮೂರನೆಯದಾದ ಫ್ರಿಜ್ಜಿನ ಮೇಲೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದನ್ನು ತೆಗೆದುಹಾಕಿದರೆ ಒಂದೂವರೆ ಯೂನಿಟ್ಟು ಉಳಿಯುವುದು ನಿಜ. ಆದರೆ ತಾಯಿಯವರಿಗೆ ಸಕ್ಕರೆ ಕಾಯಿಲೆ. ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಎರಡು ತಿಂಗಳ ಔಷಧವನ್ನು ಒಟ್ಟಿಗೆ ತಂದಿಡುವ ತೋಟದ ಮನೆಗೆ ಇದು ಬಿಡಲಾಗದ ಅವಶ್ಯಕತೆ. ಕೊನೆಗೆ ಹಳೆಯದನ್ನು ಮಾರಿ, ಐದು ನಕ್ಷತ್ರಗಳ ಗುರುತಿನ ಒಂದು ಸಣ್ಣ ಫ್ರಿಜ್ಜನ್ನು ಕೊಂಡೆವು. ಅದು ದಿನಕ್ಕೆ ಸುಮಾರು 0.35 ಯೂನಿಟ್ಟಿನಲ್ಲಿ ನಡೆಯುವುದು. ವಸ್ತುವನ್ನು ಬಿಡುವುದು ಬೇರೆ, ವಸ್ತುವಿನ ದುಂದನ್ನು ಬಿಡುವುದು ಬೇರೆ ಎಂಬುದು ಇಲ್ಲಿ ನಮಗೆ ಮನದಟ್ಟಾಯಿತು.

ಕಾಣದ ಖರ್ಚು

ಟೀವಿಯ ಜೊತೆಯ ಪೆಟ್ಟಿಗೆ ಯಾರೂ ನೋಡದಿದ್ದಾಗಲೂ ಹತ್ತು ವಾಟ್ಟನ್ನು ನುಂಗುತ್ತ ಕೆಂಪು ಕಣ್ಣು ಬಿಟ್ಟುಕೊಂಡಿತ್ತು. ಇಪ್ಪತ್ತನಾಲ್ಕು ಗಂಟೆಗೆ ಕಾಲು ಯೂನಿಟ್ಟು! ಗೋಡೆಯ ಗುಂಡಿಯಲ್ಲಿ ಆರಿಸುವ ಅಭ್ಯಾಸವೊಂದೇ ಇದಕ್ಕೆ ಮದ್ದು. ಆದರೆ ನಮ್ಮನ್ನು ಬೆರಗುಗೊಳಿಸಿದುದು ಇನ್ವರ್ಟರು. ಮನೆಯಲ್ಲಿ ಒಂದು ದೀಪವೂ ಉರಿಯದಿರುವಾಗ ಕೂಡ ಅದು ತನ್ನ ಪಾಡಿಗೆ ತಾನು ಹನ್ನೆರಡು ವಾಟ್ಟನ್ನು ತಿನ್ನುತ್ತಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಫ್ರಿಜ್ಜಿರುವವರೆಗೆ ಇದನ್ನು ಪೂರ್ತಿ ಆರಿಸುವಂತಿಲ್ಲ. ಆದರೆ ಕೊಳ್ಳುವವರು ಎಚ್ಚರವಾಗಿರಬೇಕು: ಬೇಕಾದುದಕ್ಕಿಂತ ದೊಡ್ಡ ಇನ್ವರ್ಟರನ್ನು ತಂದರೆ ಅದರ ಹೊಟ್ಟೆಯೂ ದೊಡ್ಡದು. ಬರಿಯ ದೀಪ ಮತ್ತು ಫೋನುಗಳಷ್ಟೇ ಸಾಕಾದ ಮನೆಯವರು ಬ್ಯಾಟರಿಯಿಂದ ನೇರವಾಗಿ ಉರಿಯುವ ದೀಪಗಳನ್ನು ಹಾಕಿಸಿಕೊಂಡರೆ ಇನ್ವರ್ಟರೇ ಬೇಕಾಗುವುದಿಲ್ಲ.

ಇನ್ನೊಂದು ಮಾತನ್ನು ಗೃಹಸ್ಥರು ಮನಸ್ಸಿಟ್ಟು ಕೇಳಬೇಕು. ಮಿತವ್ಯಯದ ಉತ್ಸಾಹದಲ್ಲಿ ನಾವು ಮೊದಲು ಬೆರಳು ತೋರಿಸಿದ್ದು ಮಿಕ್ಸಿಯ ಕಡೆಗೆ. ಅಷ್ಟೊಂದು ಸದ್ದುಮಾಡುವ ವಸ್ತು ಅಷ್ಟೇ ತಿನ್ನುತ್ತಿರಬೇಕೆಂದು ಭಾವಿಸಿ, ಮನೆಯಾಕೆ ಮತ್ತೆ ಒರಳಿನಲ್ಲಿ ರುಬ್ಬಬಹುದಲ್ಲವೇ ಎಂದೆವು. ಆಕೆ ಮಾತನಾಡದೆ ಮಗಳ ಪುಸ್ತಕವನ್ನು ಮುಂದಕ್ಕೆ ತಳ್ಳಿದಳು. ಮಿಕ್ಸಿಯ ದಿನದ ಖರ್ಚು 0.06 ಯೂನಿಟ್ಟು, ಟೀವಿಯನ್ನು ಒಂದೂವರೆ ಗಂಟೆ ಮುಂಚೆ ಆರಿಸಿದರೆ ಉಳಿಯುವಷ್ಟೇ. ಅಷ್ಟರಿಂದ ಆಕೆಗೆ ದಿನವೂ ಮುಕ್ಕಾಲು ಗಂಟೆಯ ಮೈಮುರಿತ ತಪ್ಪುತ್ತಿದ್ದಿತು. ಲೆಕ್ಕವಿಲ್ಲದ ಮಿತವ್ಯಯ ಯಾವಾಗಲೂ ಮನೆಯಲ್ಲಿ ಮಾತನಾಡದವರ ಬೆನ್ನಿನ ಮೇಲೆಯೇ ಬೀಳುವುದು. ಬೆವರನ್ನು ಉಳಿಸುವ ಯಂತ್ರಗಳು ಸಾಮಾನ್ಯವಾಗಿ ಕೆಲವೇ ನಿಮಿಷ ನಡೆಯುವುವು, ಸ್ವಲ್ಪವೇ ತಿನ್ನುವುವು. ಹೊತ್ತುಗಟ್ಟಲೆ ಸುಮ್ಮನೆ ನಡೆಯುವ ವಸ್ತುಗಳೇ ಮನೆಯನ್ನು ಬರಿದುಮಾಡುವುವು. ಮಿಕ್ಸಿ ಉಳಿಯಿತು. ನಮಗೆ ಆದ ನಾಚಿಕೆಯೂ ಉಳಿದಿರುವುದು.

ಇಷ್ಟೆಲ್ಲ ಆದಮೇಲೆ ಹೊಸ ಲೆಕ್ಕ ಹೀಗಿರುವುದು: ಫ್ರಿಜ್ಜು 0.35, ಇನ್ವರ್ಟರು 0.29, ಫ್ಯಾನು 0.22, ದೀಪಗಳು 0.15, ಟೀವಿ ಎರಡು ಗಂಟೆಗೆ 0.08, ಮಿಕ್ಸಿ 0.06, ಫೋನುಗಳು 0.04. ಒಟ್ಟು ಸುಮಾರು 1.2 ಯೂನಿಟ್ಟು. ಮೋಡದ ತಿಂಗಳುಗಳಲ್ಲಿ ಗಾಳಿ ತಂಪಾಗಿರುವುದರಿಂದ ಫ್ಯಾನು ಬೇಡ. ಟೀವಿಯನ್ನೂ ಬಿಟ್ಟರೆ ಒಂದು ಯೂನಿಟ್ಟಿಗಿಂತ ಕಡಮೆಯಲ್ಲಿ ದಿನ ಸಾಗುವುದು. ದೊಡ್ಡ ಫಲಕ ಒಂದನ್ನೂ ಹೆಚ್ಚಾಗಿ ಕೊಳ್ಳದೆ ಐದೂವರೆಯಿಂದ ಇಲ್ಲಿಗೆ ಇಳಿದೆವು. ಹಳೆಯ ಖರ್ಚಿಗೇ ಸಲಕರಣೆಯನ್ನು ಬೆಳೆಸಹೊರಟಿದ್ದರೆ ಈಗಿನದರ ನಾಲ್ಕೈದು ಪಟ್ಟು ಬೇಕಾಗುತ್ತಿದ್ದಿತು. ತೋಟದ ಪಂಪಿನ ಮಾತು ಮಾತ್ರ ಈ ಲೆಕ್ಕದಲ್ಲಿಲ್ಲ. ಐದು ಕುದುರೆಶಕ್ತಿಯ ಪಂಪು ಒಂದು ಗಂಟೆ ನಡೆದರೆ ಸುಮಾರು ನಾಲ್ಕು ಯೂನಿಟ್ಟು. ಅದು ನಮ್ಮ ಮನೆಯ ಮೂರು ದಿನದ ಬಾಳು. ಅದು ಹೊರಗಿನ ತಂತಿಯ ಮೇಲೆಯೇ ಇರುವುದು.

ನೆರಳು ಮತ್ತು ಬ್ಯಾಟರಿ

ತೆಂಗಿನ ಸೀಮೆಯವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಎಚ್ಚರಿಕೆಯಿರುವುದು. ನಾವು ಮೊದಲು ಫಲಕಗಳನ್ನು ಮನೆಯ ಮಾಡಿನ ಮೇಲೆ ಇಡಿಸಿದ್ದೆವು. ಹತ್ತು ಗಂಟೆಗೆ ಒಂದು ಮರದ ಗರಿಯ ನೆರಳು, ಮೂರು ಗಂಟೆಗೆ ಇನ್ನೊಂದರದು ಅವುಗಳ ಮೇಲೆ ಹಾಯುತ್ತಿದ್ದಿತು. ಅಷ್ಟು ಸಣ್ಣ ನೆರಳಿನಿಂದ ಏನಾದೀತೆಂದು ನಾವು ಉದಾಸೀನರಾಗಿದ್ದೆವು. ಆದರೆ ಫಲಕದೊಳಗಿನ ಬಿಲ್ಲೆಗಳು ಒಂದೇ ಕಾಲುವೆಯ ತೂಬುಗಳಂತೆ ಸಾಲಾಗಿ ಜೋಡಿಸಲ್ಪಟ್ಟಿರುವುವು. ಒಂದು ತೂಬು ಮುಚ್ಚಿದರೆ ಇಡಿಯ ಕಾಲುವೆಯ ಹರಿವು ಕುಗ್ಗುವುದು. ಒಂದು ಗರಿಯ ನೆರಳು ಫಲಕದ ಮೂರನೆಯ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ನಿಷ್ಫಲಮಾಡಬಹುದು. ಮೇಲಾಗಿ ಬೀಳುವ ಕಾಯಿಗೂ ಸೋಗೆಗೂ ಗಾಜಿನ ಮೇಲೆ ಕರುಣೆಯಿಲ್ಲ. ಆದುದರಿಂದ ಅವನ್ನು ಇಳಿಸಿ, ಕಾಯಿ ಸುಲಿಯುವ ಕಣದ ಬಯಲಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ, ತೆಂಕಣಕ್ಕೆ ಮುಖಮಾಡಿ ಸುಮಾರು 13 ಡಿಗ್ರಿ ಓರೆಯಾಗಿ ನಿಲ್ಲಿಸಿದೆವು. ನಮ್ಮ ಸೀಮೆ ಭೂಮಧ್ಯರೇಖೆಯಿಂದ ಅಷ್ಟೇ ಡಿಗ್ರಿ ಉತ್ತರಕ್ಕಿರುವುದರಿಂದ ಈ ಓರೆ ಹೊಂದುವುದು. ಮಟ್ಟೆಯ ಧೂಳು ಕೂರುವುದರಿಂದ ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒದ್ದೆಬಟ್ಟೆಯಿಂದ ಒರಸುವ ಕೆಲಸ ಮಗನದು.

ಬ್ಯಾಟರಿಯ ವಿಷಯ ಅಟ್ಟದ ವಿಷಯದಂತೆಯೇ. ನಮ್ಮ ಎರಡು ಬ್ಯಾಟರಿಗಳಲ್ಲಿ ಬರೆದಿರುವಂತೆ 3.6 ಯೂನಿಟ್ಟು ಹಿಡಿಯಬಹುದು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನವೂ ಬರಿದುಮಾಡಿದರೆ ಒಳಗಿನ ಹಲಗೆಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂತು ಅದು ಬೇಗ ಸಾಯುವುದು. ನಮ್ಮ ಮೊದಲ ಜೋಡಿ ಎರಡು ವರುಷವನ್ನೂ ಮುಟ್ಟಲಿಲ್ಲ. ಈಗಿನವನ್ನು ಅರ್ಧದ ಮಿತಿಯಲ್ಲಿ ಬಳಸುತ್ತಿರುವೆವು. ಬಟ್ಟಿಯಿಳಿಸಿದ ನೀರನ್ನು ಕಾಲಕಾಲಕ್ಕೆ ಹಾಕುವೆವು. ಗಾಳಿಯಾಡುವ ಜಗಲಿಯ ಮೂಲೆಯಲ್ಲಿ ಇಟ್ಟಿರುವೆವು. ಮಗಳು ದಿನವೂ ದೀಪ ಹಚ್ಚುವ ಮುನ್ನ ಬ್ಯಾಟರಿಯ ವೋಲ್ಟುಗಳನ್ನು ನೋಡಿ ಬರೆಯುವಳು. ಕೆಲಸವಿಲ್ಲದೆ ನಿಂತಿರುವಾಗ 25.4 ಇದ್ದರೆ ತುಂಬಿದ ಕೊಡ; 24.4 ಆದರೆ ಅರ್ಧ ಕೊಡ. ಸಂಜೆಗೇ ಅರ್ಧಕ್ಕೆ ಹತ್ತಿರವಾಗಿದ್ದರೆ ಅಂದು ಟೀವಿಯಿಲ್ಲ, ವಾದವೂ ಇಲ್ಲ. ಲಾಂದ್ರವನ್ನು ಅಲುಗಿಸಿ ನೋಡುವ ತಾಯಿಯವರ ಕಾಲದ ಪದ್ಧತಿಯೇ ಇದು. ಲಿಥಿಯಂ ಜಾತಿಯ ಬ್ಯಾಟರಿಗಳು ಹೆಚ್ಚು ಕಾಲ ಬಾಳುವುವು, ಹೆಚ್ಚು ಆಳಕ್ಕೆ ಬಳಸಬಹುದು. ಮೊದಲ ಬೆಲೆ ಮಾತ್ರ ಹೆಚ್ಚು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಒಕ್ಕಲುತನದ ಮಾತಷ್ಟೆ. ಬಿಸಿಲಿಗೂ ಅದೇ ನ್ಯಾಯ. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಒಂದು ಪಾಲು ನಷ್ಟವಾಗುವುದರಿಂದ, ಹಗಲಿನ ಕೆಲಸವನ್ನು ಹಗಲಿನ ಬಿಸಿಲಿನಲ್ಲಿಯೇ ಮುಗಿಸುವುದು ಲಾಭ. ಹಿಟ್ಟು ರುಬ್ಬುವುದು, ಫೋನುಗಳಿಗೆ ಶಕ್ತಿ ತುಂಬುವುದು, ವಾರಕ್ಕೊಮ್ಮೆ ಇಸ್ತ್ರಿ ಇವೆಲ್ಲ ಹನ್ನೊಂದರಿಂದ ಎರಡು ಗಂಟೆಯೊಳಗೆ ಆಗುವುವು.

ಯಾರ ದೀಪ ಕೊನೆಗೆ ಆರಬೇಕು

ಅಂಗಳದ ದೀಪಕ್ಕೆ ನಾವು ಬೇರೆಯೇ ಏರ್ಪಾಡು ಮಾಡಿದೆವು. 40 ವಾಟ್ಟಿನ ಒಂದು ಪುಟ್ಟ ಫಲಕ, ಅದರದೇ ಒಂದು ಸಣ್ಣ ಬ್ಯಾಟರಿ, ಐದು ವಾಟ್ಟಿನ ಒಂದು ದೀಪ. ಮನೆಯ ಮಿಕ್ಕ ಯಾವ ತಂತಿಯೂ ಅದನ್ನು ಮುಟ್ಟದು. ಒಳಗೆ ಏನೇ ಆದರೂ ಅದು ಸಂಜೆಯಿಂದ ಬೆಳಗಿನವರೆಗೆ ಉರಿಯುವುದು. ಇಂತಹ ಸಣ್ಣ ದೀಪದ ಸಲಕರಣೆಗಳನ್ನು ಬಡವರ ಮನೆಗಳಿಗೂ ಬ್ಯಾಂಕಿನ ಸಾಲದ ಮೂಲಕ ಮುಟ್ಟಿಸಬಹುದೆಂದು ತೋರಿಸಿದ ಕೀರ್ತಿ, 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದ ಹರೀಶ್ ಹಂದೆಯವರಿಗೆ ಸಲ್ಲುವುದು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಒಂದು ಹಳ್ಳಿ ಬಹಳ ಹಿಂದೆಯೇ ಎದುರಿಸಿತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ‘ಅಸ್ತ್ರ’ದವರು ಊರಿಗೆಲ್ಲ ಸೇರಿದ ಸಗಣಿ ಅನಿಲದ ಸ್ಥಾವರವನ್ನು ಕಟ್ಟಿದರು. ಮೊದಲಿನ ಉದ್ದೇಶ ಅಡಿಗೆಗೆ ಅನಿಲವನ್ನು ಒದಗಿಸುವುದು. ಊರಿನ ಸಗಣಿ ಅಷ್ಟಕ್ಕೆ ಸಾಲದೆಹೋಯಿತು. ಆಗ ಅದೇ ಅನಿಲದಿಂದ ಯಂತ್ರವನ್ನು ನಡೆಸಿ, 1987ರಿಂದ ಮನೆಗಳಿಗೆ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟರು. ಇದ್ದ ಶಕ್ತಿ ಅದೇ. ಅದನ್ನು ತಿರುಗಿಸಿದ ದಿಕ್ಕು ಬೇರೆ. ಜನರಿಗೆ ಬೇಕಾಗಿರುವುದು ಶಕ್ತಿಯಲ್ಲ, ಶಕ್ತಿಯಿಂದ ದೊರೆಯುವ ಬೆಳಕು, ನೀರು, ಬೆಂದ ಅನ್ನ ಎಂಬುದನ್ನು 2006ರಲ್ಲಿ ತೀರಿಕೊಂಡ ಅಮೂಲ್ಯ ರೆಡ್ಡಿಯವರು ಜೀವಮಾನವೆಲ್ಲ ಪ್ರತಿಪಾದಿಸಿದರು. ಇಡಿಯ ಕರ್ನಾಟಕದ ವಿದ್ಯುತ್ತಿನ ಯೋಜನೆಯನ್ನು ಈ ದೃಷ್ಟಿಯಿಂದಲೇ ಮಾಡಬೇಕೆಂದು ಅವರೂ ಅವರ ಸಹೋದ್ಯೋಗಿಗಳೂ 1991ರಲ್ಲಿ ಲೆಕ್ಕಸಹಿತವಾಗಿ ಬರೆದರು. ರಾಜ್ಯಕ್ಕೆ ಹೇಳಿದ ಮಾತು ಒಂದು ಮನೆಗೂ ಸಲ್ಲುವುದೆಂಬುದಕ್ಕೆ ನಮ್ಮ ಹಾಲಿನ ಪುಸ್ತಕವೇ ಸಾಕ್ಷಿ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಕರ್ನಾಟಕ ಸರಕಾರ 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿ, ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತನ್ನು ಉಚಿತವಾಗಿ ಕೊಟ್ಟಿರುವಾಗ, ಈ ಎಣಿಕೆಯ ಗೊಡವೆಯೇಕೆ? ಬಿಲ್ಲಿನ ಹಣ ಉಳಿಯುವುದು ದೊಡ್ಡ ಉಪಕಾರವೇ ಸರಿ. ಆದರೆ ತಂತಿಯಲ್ಲಿ ಬಾರದ ಶಕ್ತಿ ಉಚಿತವಾದರೇನು, ದುಬಾರಿಯಾದರೇನು? 2024ರ ಸೂರ್ಯಘರ್ ಯೋಜನೆಯಲ್ಲಿ ಮಾಡಿನ ಮೇಲಿನ ಫಲಕಗಳಿಗೆ ಒಂದು ಕಿಲೋವಾಟ್ಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟವಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಕೇಂದ್ರ ಸರಕಾರ ಗೊತ್ತುಮಾಡಿತು. ಊರೊಳಗಿನವರಿಗೆ ಅದು ಅನುಕೂಲವಾದುದು. ಆದರೆ ಅದು ಹೊರಗಿನ ತಂತಿಗೆ ಜೋಡಿಸುವ ಏರ್ಪಾಡು. ಬ್ಯಾಟರಿಯಿಲ್ಲದ ಅಂತಹ ಸಲಕರಣೆ, ತಂತಿಯಲ್ಲಿ ಶಕ್ತಿ ನಿಂತೊಡನೆ, ದುರಸ್ತಿಗೆ ಕಂಬ ಹತ್ತಿದವರ ಪ್ರಾಣರಕ್ಷಣೆಗಾಗಿ, ತಾನೂ ನಿಲ್ಲುವಂತೆ ಮಾಡಲ್ಪಟ್ಟಿರುವುದು. ಕತ್ತಲೆಯ ರಾತ್ರಿಗಾಗಿ ಫಲಕ ಹಾಕಿಸುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಹೀಗೆ ಬಾಳತೊಡಗಿ ಮೂರು ಮಳೆಗಾಲಗಳು ಕಳೆದುವು. ಕಷ್ಟವೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಎಡೆಬಿಡದ ಮೋಡದ ನಾಲ್ಕನೆಯ ದಿನ ಎಲ್ಲರ ಮುಖವೂ ಆಕಾಶದ ಕಡೆಗೇ ಇರುವುದು. ಮಗ ಪಂದ್ಯ ನೋಡಲು ಊರೊಳಗಿನ ಗೆಳೆಯನ ಮನೆಗೆ ನಡೆದುಹೋಗುವನು. ಆದರೆ ಒಂದು ರಾತ್ರಿಯಾದರೂ ಇನ್ಸುಲಿನ್ ಕೆಟ್ಟಿಲ್ಲ. ಪರೀಕ್ಷೆಯ ಹಿಂದಿನ ದಿನ ಓದುವ ದೀಪ ಆರಿಲ್ಲ. ಇದನ್ನು ಓದಿದ ಸೋದರ ಸೋದರಿಯರು ಫಲಕದ ಬೆಲೆ ಕೇಳುವುದಕ್ಕೆ ಮುಂಚೆ ಒಂದು ವಾರ ತಮ್ಮ ಮನೆಯ ಖರ್ಚನ್ನು ಬರೆದು ನೋಡಲಿ. ಆಮೇಲೆ ಮನೆಯವರೆಲ್ಲರೂ ಕುಳಿತು, ಶಕ್ತಿ ತೀರುತ್ತ ಬಂದಾಗ ಯಾವುದು ಮೊದಲು ಆರಬೇಕು, ಯಾರ ದೀಪ ಕೊನೆಯವರೆಗೆ ಉರಿಯಬೇಕು ಎಂಬುದನ್ನು ಗೊತ್ತುಮಾಡಲಿ. ಕೊಳ್ಳುವ ಮಾತು ಆಮೇಲಿನದು.

ತಾಯಿಯವರ ಕೈ ಕೂಡಿದೆ. ಚಳಿಗೆ ಸ್ವಲ್ಪ ನೋಯುವುದಂತೆ. ರಾತ್ರಿ ಎದ್ದಾಗ ಅವರು ಬಾಗಿಲಲ್ಲಿ ಒಂದು ಕ್ಷಣ ನಿಂತು ಅಂಗಳದ ದೀಪವನ್ನು ನೋಡಿ, ಆಮೇಲೆ ಮೆಟ್ಟಿಲಿಳಿಯುವರು.